ಉಪೇಕ್ಖಾ ಬೇರೆ, ಉಪೇಕ್ಷೆ ಬೇರೆ



*ದಿನದ ಧಮ್ಮ ಚಿಂತನೆ*



ನಮ್ಮ ಅಧ್ಯಯನ ಬಳಗದ ಒಬ್ಬ ತಾಯಿ ಹೀಗೊಂದು ಪ್ರಶ್ನೆ ಕಳಿಸಿದ್ದಾರೆ: "ಅಣ್ಣಾ, ಮಗ ಓದೋಕೆ ಹಾಸ್ಟೆಲ್ ಸೇರಿದ. ಅವನು ಆಸೆಪಟ್ಟು ತಂದ ಕಾಕಟೀಲ್ ಗಿಳಿ ಮನೆಯಲ್ಲೇ ಉಳೀತು. ಕಾಳು ಹಾಕ್ತೀನಿ, ನೀರು ಬದಲಾಯಿಸ್ತೀನಿ, ಪಂಜರ ತೊಳೀತೀನಿ. ಆದರೂ ದಿನವೆಲ್ಲ ಕಿರುಚುತ್ತೆ. ಈಗ ಎದೆಯ ಪುಕ್ಕ ತಾನೇ ಕಿತ್ಕೊಳ್ತಾ ಇದೆ. ಪಕ್ಕದಲ್ಲಿ ಕೂತರೆ ಸುಮ್ಮನಾಗುತ್ತೆ. ಆದರೆ ಹಾಗೆ ದಿನಾ ಕೂರೋದು ಅಂಟು ಬೆಳೆಸಿಕೊಂಡ ಹಾಗೆ ಅಲ್ವಾ? ಅಂಟು ದುಃಖಕ್ಕೆ ಮೂಲ ಅಂತ ಧಮ್ಮ ಹೇಳುತ್ತಲ್ಲ?"

ಇದನ್ನು ಓದಿದ ಇನ್ನೊಬ್ಬ ಬಂಧು ಬರೆದರು: "ನಮ್ಮ ಕೇರಿಯ ಮಕ್ಕಳನ್ನೇ ಕೇಳೋರಿಲ್ಲ. ಹಕ್ಕಿ ಮಾತು ಈಗ ಯಾಕೆ?"

ಎರಡೂ ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಇವತ್ತಿನ ಚಿಂತನೆಯಲ್ಲಿ ಎರಡಕ್ಕೂ ಉತ್ತರ ಹುಡುಕೋಣ. ನಮ್ಮ ಮನೆಯಲ್ಲೂ ಆರು ವರ್ಷದಿಂದ ಒಂದು ಕಾಕಟೀಲ್ ಇದೆ. ಹಾಗಾಗಿ ಹಕ್ಕಿಯ ವಿಷಯದಲ್ಲಿ ನಾನು ಹೇಳುವುದರಲ್ಲಿ ಓದಿದ್ದಕ್ಕಿಂತ ಕಣ್ಣಾರೆ ಕಂಡದ್ದೇ ಹೆಚ್ಚು.

*ಮೊದಲು ಆ ಜೀವವನ್ನು ತಿಳಿಯೋಣ*

ಧಮ್ಮ ಮೊದಲು ಕೇಳುವುದು ಕಾರಣವನ್ನು. ದುಃಖ ಇದೆ ಎಂದರೆ ಅದಕ್ಕೆ ಕಾರಣವೂ ಇರಬೇಕು. ಕಾಕಟೀಲ್ ಆಸ್ಟ್ರೇಲಿಯಾದ ಹಕ್ಕಿ. ಅಲ್ಲಿ ಅದು ಒಂಟಿಯಾಗಿ ಬದುಕುವುದಿಲ್ಲ. ಗುಂಪಾಗಿ ಹಾರುತ್ತದೆ, ಗುಂಪಾಗಿ ಮೇಯುತ್ತದೆ, ಗುಂಪಾಗಿ ಮಲಗುತ್ತದೆ. ಗುಂಪು ತಪ್ಪಿದ ಹಕ್ಕಿ ಗಿಡುಗನ ಬಾಯಿಗೆ ಬಿದ್ದಂತೆ. ಆದ್ದರಿಂದ ಗಿಳಿಗೆ ಒಂಟಿತನ ಅಂದರೆ ಬರಿ ಬೇಸರವಲ್ಲ, ಭಯ.

ಕಣ್ಣಿಗೆ ಕಾಣದ ಜೊತೆಗಾರರನ್ನು ಗುಂಪಿನ ಹಕ್ಕಿ ಕೂಗಿ ಕರೆಯುತ್ತದೆ. "ನಾನಿಲ್ಲಿದ್ದೇನೆ, ನೀನೆಲ್ಲಿ?" ಎಂಬುದೇ ಆ ಕೂಗಿನ ಅರ್ಥ. ಅತ್ತಕಡೆಯಿಂದ ಉತ್ತರ ಬಂದರೆ ನೆಮ್ಮದಿ. ಬಾರದಿದ್ದರೆ ಇನ್ನಷ್ಟು ಜೋರಾಗಿ ಕೂಗುತ್ತದೆ. ಮನೆಯ ಗಿಳಿಗೆ ಮನೆಯವರೇ ಗುಂಪು. ನೀವು ಅಡುಗೆಮನೆಗೆ ಹೋದಾಗ ಅದು ಕಿರುಚಿದರೆ ಹಟ ಎಂದುಕೊಳ್ಳಬೇಡಿ. ನಿಮ್ಮನ್ನು ಹುಡುಕುತ್ತಿದೆ. ಒಂದು ಸಿಳ್ಳೆ ಹಾಕಿ, ಇಲ್ಲವೇ ಹೆಸರು ಹಿಡಿದು ಕರೆಯಿರಿ. "ಇಲ್ಲೇ ಇದ್ದೀನಿ" ಅನ್ನುವಷ್ಟು ಸಾಕು.

ಉತ್ತರವೇ ಇಲ್ಲದೆ ತಿಂಗಳುಗಟ್ಟಲೆ ಕಳೆದ ಗಿಳಿ ಕೊನೆಗೆ ತನ್ನ ಮೈಯ ಮೇಲೇ ತಿರುಗಿ ಬೀಳುತ್ತದೆ. ಕಾಡಿನಲ್ಲಿ ಬಹುತೇಕ ಕಾಣಸಿಗದ ಈ ಪುಕ್ಕ ಕೀಳುವ ಚಾಳಿ ಪಂಜರದಲ್ಲಿ ಸಾಮಾನ್ಯ. ಚರ್ಮದ ರೋಗ, ಹುಳದ ಕಾಟ, ಊಟದ ಕೊರತೆಯಿಂದಲೂ ಹೀಗಾಗಬಹುದು. ಆದ್ದರಿಂದ ಮೊದಲು ಹಕ್ಕಿಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಿ. ಮೈಯಲ್ಲಿ ರೋಗವಿಲ್ಲ ಎಂದು ಅವರು ಹೇಳಿದರೆ, ಆಗ ಒಂಟಿತನವನ್ನೇ ರೋಗವೆಂದು ತಿಳಿಯಿರಿ.

*ನಮ್ಮ ಮಕ್ಕಳಿರುವಾಗ ಹಕ್ಕಿ ಯಾಕೆ?*

ಈ ಮಾತಿನ ಹಿಂದೆ ನಮ್ಮ ಇತಿಹಾಸವಿದೆ. ಇರುವೆಗೆ ಸಕ್ಕರೆ ಹಾಕುವ, ಹಸುವಿಗೆ ಹಣ್ಣು ತಿನ್ನಿಸುವ ಕೈಗಳೇ ನಮ್ಮ ಹಿರಿಯರ ಬೊಗಸೆಗೆ ನೀರನ್ನು ಮೇಲಿನಿಂದ ಸುರಿದವು. ಮಹಾಡಿನ ಚವದಾರ್ ಕೆರೆಯಲ್ಲಿ ದನ ನಾಯಿ ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದದ್ದು ಬಾಯಾರಿಕೆಗಲ್ಲ, ಮನುಷ್ಯರೆಂದು ಸಾರಲು. ಹೀಗಾಗಿ ಪ್ರಾಣಿದಯೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಹಲವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣವಿದೆ.

ಆದರೆ ಬಾಬಾಸಾಹೇಬರು ಮುಂದೆ ಏನು ಮಾಡಿದರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಎಲ್ಲ ಜೀವಿಗಳ ಮೇಲೆ ದಯೆ ಮೈತ್ರಿ ಇಟ್ಟು ಅವುಗಳನ್ನು ಕಾಪಾಡುತ್ತೇನೆ ಎಂಬ ಪ್ರತಿಜ್ಞೆ. ನೀರಿಗೂ ಅಪಮಾನ ಉಂಡ ಜನರ ಕೈಲಿ ಅವರು ಈ ಮಾತು ಆಡಿಸಿದರು. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕರುಣೆ ಮತ್ತು ಮೈತ್ರಿಯ ನಡುವೆ ಒಂದು ಗೆರೆ ಎಳೆದಿದ್ದಾರೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ. ಮೈತ್ರಿ ಅದಕ್ಕಿಂತ ಮುಂದಿನ ಹೆಜ್ಜೆ, ಜೀವ ಇರುವುದೆಲ್ಲದರ ಮೇಲಿನ ಪ್ರೀತಿ.

ಮುಂದಿನ ಹೆಜ್ಜೆ ಎಂಬುದನ್ನು ಗಮನಿಸಿ. ಮನುಷ್ಯನನ್ನು ಬಳಸಿಕೊಂಡು ಹೋಗಿ ಹಸುವಿನ ಪಾದ ಮುಟ್ಟುವುದು ಮೈತ್ರಿಯಲ್ಲ, ಅದು ಬೂಟಾಟಿಕೆ. ಮನುಷ್ಯನ ಕೈ ಹಿಡಿದುಕೊಂಡೇ ಹಕ್ಕಿಯವರೆಗೂ ಹೋಗುವುದು ಮೈತ್ರಿ. ಕೇರಿಯ ಮಗುವಿಗೆ ಪಾಠ ಹೇಳಿಕೊಡುವ ಸಂಜೆಯ ಒಂದು ಗಂಟೆಯನ್ನು ಗಿಳಿಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಆ ಮಗುವನ್ನೂ ಗಿಳಿಯ ಹತ್ತಿರ ಕೂರಿಸಿಕೊಳ್ಳಿ ಎಂದು ಹೇಳುತ್ತೇನೆ. ಮಾತು ಬಾರದ ಜೀವ ಏನು ಹೇಳುತ್ತಿದೆ ಎಂದು ಕಿವಿಗೊಡಲು ಕಲಿತ ಮಗು, ನಾಳೆ ತರಗತಿಯಲ್ಲಿ ತಲೆ ತಗ್ಗಿಸಿ ಕೂತ ಗೆಳೆಯನ ಸಂಕಟವನ್ನೂ ತಿಳಿದೀತು.

*ಅಂಟು ಯಾವುದು, ಮೈತ್ರಿ ಯಾವುದು?*

ಈಗ ತಾಯಿಯ ಪ್ರಶ್ನೆ. ಇಲ್ಲಿ ನಮ್ಮ ಕನ್ನಡವೇ ನಮಗೊಂದು ತೊಡಕು ತಂದಿಟ್ಟಿದೆ. ನಾಲ್ಕು ಬ್ರಹ್ಮವಿಹಾರಗಳು ನಿಮಗೆ ಗೊತ್ತು: ಮೆತ್ತಾ, ಕರುಣಾ, ಮುದಿತಾ, ಉಪೇಕ್ಖಾ. ಪಾಲಿಯ ಉಪೇಕ್ಖಾ ಅಂದರೆ ಸಮಚಿತ್ತ. ಹೊಗಳಿದರೂ ತೆಗಳಿದರೂ, ಲಾಭವಾದರೂ ನಷ್ಟವಾದರೂ ಅಲುಗಾಡದೆ ನೋಡುವ ಮನಸ್ಸು. ಅದೇ ಪದ ಕನ್ನಡದಲ್ಲಿ ಉಪೇಕ್ಷೆ ಆದಾಗ ಅರ್ಥ ತಲೆಕೆಳಗಾಗಿದೆ. ಉಪೇಕ್ಷೆ ಅಂದರೆ ಕಡೆಗಣಿಸುವುದು. ಪದ ಒಂದೇ ಬೇರಿನದು, ಅರ್ಥ ಮಾತ್ರ ಎದುರುಬದುರು. ಎಷ್ಟೋ ಜನ ಉಪೇಕ್ಖಾ ಸಾಧಿಸಿದ್ದೇವೆ ಎಂದುಕೊಂಡು ಉಪೇಕ್ಷೆ ಮಾಡುತ್ತಿರುತ್ತಾರೆ.

ಇದು ಹೊಸ ಅಪಾಯವೇನಲ್ಲ. ಐದನೆಯ ಶತಮಾನದ ಬುದ್ಧಘೋಸರು ವಿಸುದ್ಧಿಮಗ್ಗದಲ್ಲಿ ಪ್ರತಿಯೊಂದು ಬ್ರಹ್ಮವಿಹಾರಕ್ಕೂ ದೂರದ ಶತ್ರು ಒಂದು, ಹತ್ತಿರದ ಶತ್ರು ಒಂದು ಎಂದು ವಿವರಿಸಿದ್ದಾರೆ. ಹತ್ತಿರದ ಶತ್ರು ಅಂದರೆ ಮಿತ್ರನ ವೇಷದಲ್ಲಿ ಬರುವವನು. ಮೆತ್ತಾದ ಹತ್ತಿರದ ಶತ್ರು ರಾಗ, ಅಂದರೆ ಅಂಟು. ಉಪೇಕ್ಖಾದ ಹತ್ತಿರದ ಶತ್ರು ಅಜ್ಞಾನದಿಂದ ಬಂದ ಅಸಡ್ಡೆ. ನೋಡಲು ಎರಡೂ ಶಾಂತವಾಗಿಯೇ ಕಾಣುತ್ತವೆ. ಒಂದರೊಳಗೆ ಅರಿವಿದೆ, ಇನ್ನೊಂದರೊಳಗೆ ಏನೂ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ನನಗೆ ತಿಳಿದ ಸರಳ ಪರೀಕ್ಷೆ ಇದು. ಅಂಟು ಕೇಳುತ್ತದೆ: "ಈ ಹಕ್ಕಿಯಿಂದ ನನಗೇನು ಸಿಕ್ಕಿತು?" ಮೈತ್ರಿ ಕೇಳುತ್ತದೆ: "ಈ ಹಕ್ಕಿಗೆ ಏನು ಬೇಕು?" ಅಂಟಿಗೆ ಮೂಡ್ ಬೇಕು. ಖುಷಿಯಾದ ದಿನ ಮೂರು ಗಂಟೆ ಮುದ್ದಾಡುತ್ತದೆ, ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಸ್ಟೇಟಸ್ ಹಾಕುತ್ತದೆ. ಆಮೇಲೆ ಹತ್ತು ದಿನ ಆ ಕಡೆ ತಿರುಗಿಯೂ ನೋಡುವುದಿಲ್ಲ. ಹಕ್ಕಿ ಕಚ್ಚಿದರೆ ಸಿಟ್ಟಾಗುತ್ತದೆ. ಮೈತ್ರಿಗೆ ಮೂಡ್ ಬೇಕಿಲ್ಲ. ಅದು ಇವತ್ತೂ ಅರ್ಧ ಗಂಟೆ ಬರುತ್ತದೆ, ನಾಳೆಯೂ ಅರ್ಧ ಗಂಟೆ ಬರುತ್ತದೆ. ಹಕ್ಕಿ ಹತ್ತಿರ ಬಂದರೂ ಸರಿ, ಬಾರದೆ ಮೂಲೆಯಲ್ಲಿ ಕೂತರೂ ಸರಿ, ಅಲ್ಲೇ ಕೂತಿರುತ್ತದೆ. ಹಾಗೆ ಏನನ್ನೂ ಬೇಡದೆ ಕೂರುವುದೇ ಉಪೇಕ್ಖಾ. ಆದ್ದರಿಂದ ತಾಯೀ, ನೀವು ಕೂರುವುದು ಅಂಟಲ್ಲ. ಧೈರ್ಯವಾಗಿ ಕೂರಿ.

"ಹಕ್ಕಿ ನನ್ನದಲ್ಲ, ಮಗನದು" ಎಂದೂ ನಿಮಗೆ ಅನ್ನಿಸಬಹುದು. ಬಾಣ ತಾಗಿದ ಹಕ್ಕಿಗಾಗಿ ದೇವದತ್ತನೂ ಸಿದ್ಧಾರ್ಥನೂ ವಾದಿಸಿದ ಕತೆ ನಾವೆಲ್ಲ ಬಲ್ಲೆವು. ಹಕ್ಕಿ ಹೊಡೆದವನದಲ್ಲ, ಆರೈಕೆ ಮಾಡಿದವನದು ಎಂದೇ ತೀರ್ಪಾಯಿತು. ದುಡ್ಡು ಕೊಟ್ಟವರು ಯಾರೇ ಇರಲಿ, ಇವತ್ತು ಅದರ ಕೂಗಿಗೆ ಯಾರು ಓಗೊಡುತ್ತಾರೋ ಅವರದೇ ಆ ಹಕ್ಕಿ.

*ಉಪಯೋಗಕ್ಕೆ ಬಾರದವರನ್ನು ನೋಡುವವರು ಯಾರು?*

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭಗವಾನರು ಆನಂದರೊಡನೆ ಭಿಕ್ಖುಗಳ ವಾಸಸ್ಥಾನಗಳನ್ನು ನೋಡುತ್ತಾ ಬರುವಾಗ, ಭೇದಿಯಿಂದ ನರಳುತ್ತಿದ್ದ ಒಬ್ಬ ಭಿಕ್ಖು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ನೋಡಿಕೊಳ್ಳಲು ಯಾರೂ ಇಲ್ಲವೇ ಎಂದು ಕೇಳಿದರೆ, ಇಲ್ಲ ಎಂದ. ಏಕೆ ಎಂದರೆ, ತಾನು ಉಳಿದ ಭಿಕ್ಖುಗಳಿಗೆ ಯಾವ ಉಪಕಾರವನ್ನೂ ಮಾಡಿಲ್ಲ, ಅದಕ್ಕೇ ಅವರು ತನ್ನನ್ನು ನೋಡುತ್ತಿಲ್ಲ ಎಂದ. ಭಗವಾನರು ಆನಂದರಿಂದ ನೀರು ತರಿಸಿದರು. ತಾವೇ ನೀರು ಹೊಯ್ದರು, ಆನಂದರು ಮೈ ತೊಳೆದರು. ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದರು.

ಆ ಭಿಕ್ಖುವನ್ನು ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಪಾಣಾತಿಪಾತ ನಡೆದಿರಲಿಲ್ಲ. ಬರಿ ಕಡೆಗಣಿಸಿದ್ದರು. ಭಗವಾನರು ಅದನ್ನೂ ಸುಮ್ಮನೆ ಬಿಡಲಿಲ್ಲ. ಮೊದಲ ಶೀಲ ಕೊಲ್ಲಬೇಡ ಎನ್ನುತ್ತದೆ. ಆದರೆ ಕೊಲ್ಲದೆ ಬಿಟ್ಟುಬಿಟ್ಟರೆ ಶೀಲ ಪೂರ್ತಿಯಾಯಿತೆಂದು ತಿಳಿಯಬಾರದು. ಕಾಳು ನೀರು ಇಟ್ಟ ಪಂಜರದಲ್ಲಿ ಒಂಟಿಯಾಗಿ ಒಣಗುವ ಗಿಳಿಯನ್ನೂ ಯಾರೂ ಕೊಂದಿಲ್ಲ.

*ಗಿಳಿಪಾಠ*

ಅರ್ಥ ತಿಳಿಯದೆ ಒಪ್ಪಿಸುವುದನ್ನು ನಾವು ಗಿಳಿಪಾಠ ಅನ್ನುತ್ತೇವೆ. ಗಿಳಿಗೆ ಇದರಿಂದ ಸ್ವಲ್ಪ ಅನ್ಯಾಯವೇ ಆಗಿದೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಗಿಳಿಯ ಜೊತೆ ಮೂವತ್ತು ವರ್ಷ ಕೆಲಸ ಮಾಡಿದರು. 2007ರಲ್ಲಿ ಸಾಯುವ ಹೊತ್ತಿಗೆ ಅಲೆಕ್ಸ್ ನೂರಕ್ಕೂ ಹೆಚ್ಚು ಪದ ಬಲ್ಲವನಾಗಿದ್ದ. ಬಣ್ಣ, ಆಕಾರ ಗುರುತಿಸಿ ಹೇಳುತ್ತಿದ್ದ, ಆರರವರೆಗೆ ಎಣಿಸುತ್ತಿದ್ದ. ಅವನು ಕಲಿತದ್ದು ಟೇಪ್ ಹಾಕಿ ಕೇಳಿಸಿದ್ದರಿಂದಲ್ಲ. ಅವನೆದುರು ಇಬ್ಬರು ಮನುಷ್ಯರು ವಸ್ತು ಹಿಡಿದು ಪರಸ್ಪರ ಮಾತಾಡುತ್ತಿದ್ದರು, ಅವನನ್ನೂ ಮಾತಿಗೆ ಸೇರಿಸಿಕೊಳ್ಳುತ್ತಿದ್ದರು. ದಿನನಿತ್ಯದ ಒಡನಾಟವೇ ಅವನ ಶಾಲೆ.

ನಮ್ಮ ಕೆಲವು ಮನೆಗಳಲ್ಲಿ ಗಿಳಿಗೆ "ಜೈ ಭೀಮ್" ಹೇಳಿಕೊಡುತ್ತಾರೆ. ಬಂದವರ ಮುಂದೆ ಹೇಳಿಸುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಸಂತೋಷ. ಆದರೆ ನೆಂಟರು ಹೋದ ಮೇಲೆ ಪಂಜರವನ್ನು ಬಾಲ್ಕನಿಗೆ ನೂಕಿ ಬಾಗಿಲು ಹಾಕಿಕೊಂಡರೆ, ಗಿಳಿಪಾಠ ಒಪ್ಪಿಸಿದವರು ಯಾರು? ಗಿಳಿಯೋ, ನಾವೋ? ವಂದನೆಯಲ್ಲಿ ಮೆತ್ತ ಸುತ್ತ ಪಠಿಸುತ್ತೇವೆ. ಒಬ್ಬನೇ ಮಗನನ್ನು ಕಾಯುವ ತಾಯಿಯಂತೆ ಎಲ್ಲ ಜೀವಿಗಳ ಮೇಲೂ ಮನಸ್ಸು ಹರಡಬೇಕು ಎಂಬ ಹೋಲಿಕೆ ಅಲ್ಲಿದೆ. ತಾಯಿ ಮಗುವನ್ನು ಹಬ್ಬದ ದಿನ ಮಾತ್ರ ಎತ್ತಿಕೊಳ್ಳುವವಳಲ್ಲ. ಏಪ್ರಿಲ್ 14, ಅಕ್ಟೋಬರ್ 14, ಡಿಸೆಂಬರ್ 6, ಈ ಮೂರು ದಿನ ನೀಲಿ ಬಾವುಟ ಹಿಡಿದರೆ ಸಾಲದು, ಉಳಿದ ದಿನಗಳ ಲೆಕ್ಕವೂ ಇದೆ ಎಂದು ನಾವೇ ಭಾಷಣದಲ್ಲಿ ಹೇಳುತ್ತೇವಲ್ಲ, ಆ ಮಾತು ಇಲ್ಲಿಗೂ ಸಲ್ಲುತ್ತದೆ.

*ಪಂಜರದ ಪ್ರಶ್ನೆ*

"ಬಿಡುಗಡೆಯ ಧಮ್ಮದವರು ಹಕ್ಕಿಯನ್ನು ಪಂಜರದಲ್ಲಿ ಇಡಬಹುದೇ?" ಕೇಳಲೇಬೇಕಾದ ಪ್ರಶ್ನೆ. ನನ್ನ ಉತ್ತರ ನೇರ. ಹೊಸದಾಗಿ ಕೊಂಡು ತರಬೇಡಿ. ಉಪಾಸಕರು ಮಾಡಬಾರದೆಂದು ಭಗವಾನರು ಹೇಳಿದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. ಕೊಳ್ಳುವವರು ಇದ್ದರೆ ತಾನೇ ಮಾರುವವರು?

ಕೊರಳಲ್ಲಿ ಗುಲಾಬಿ ಪಟ್ಟಿ ಇರುವ ನಮ್ಮ ನಾಡಿನ ಹಸಿರು ಗಿಳಿಯನ್ನಂತೂ ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಣಿಶಾಸ್ತ್ರದವನ ಪೆಟ್ಟಿಗೆಯಿಂದ ರೆಕ್ಕೆ ಕತ್ತರಿಸಿದ ಗಿಳಿ ಹೊರಬಂದು ಕಾರ್ಡ್ ಎತ್ತುವುದನ್ನು ನೋಡಿದ್ದೀರಿ. ತನ್ನ ನಾಳೆಯೇ ತನ್ನ ಕೈಲಿಲ್ಲದ ಜೀವ ನಮ್ಮ ನಾಳೆಯನ್ನು ಹೇಳೀತೇ? ಅಲ್ಲಿ ಕೊಡುವ ಒಂದೊಂದು ರೂಪಾಯಿಯೂ ಮೂಢನಂಬಿಕೆಗೂ ಹೋಗುತ್ತದೆ, ಹಿಂಸೆಗೂ ಹೋಗುತ್ತದೆ.

ಅಶೋಕ ಚಕ್ರವರ್ತಿಯ ಐದನೆಯ ಸ್ತಂಭಶಾಸನ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಮೊದಲ ಹೆಸರೇ ಗಿಳಿ. ಅದೇ ಶಾಸನದ ಕೊನೆಯಲ್ಲಿ, ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷವಾಗುವಷ್ಟರಲ್ಲಿ ಇಪ್ಪತ್ತೈದು ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದ ಮಾತಿದೆ. ಗಿಳಿಯ ಜೀವವೂ ಸೆರೆಯಾಳಿನ ಬಿಡುಗಡೆಯೂ ಒಂದೇ ಕಲ್ಲಿನ ಮೇಲೆ! ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ದೃಢವಾಗಿರಬೇಕು, ಸತ್ಯ ನುಡಿಯಬೇಕು ಎಂದು ಬರೆಸಿದ್ದಾನೆ. ದಯೆಗೆ ದೃಢತೆ ಬೇಕು ಎಂದು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ನೆಲದ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ನಾನು ಇಷ್ಟು ಹೊತ್ತು ಹೇಳುತ್ತಿರುವುದೂ ಅದನ್ನೇ.

ಆದರೆ ಈಗಾಗಲೇ ಮನೆಯಲ್ಲಿರುವ ಕಾಕಟೀಲ್ ಅಥವಾ ಲವ್ ಬರ್ಡ್ ಅನ್ನು ಕಿಟಕಿ ತೆರೆದು ಬಿಟ್ಟುಬಿಡುವುದು ಬಿಡುಗಡೆಯಲ್ಲ. ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಇಲ್ಲಿ ಗುಂಪಿಲ್ಲ, ಮೇವು ಹುಡುಕಲು ಬರುವುದಿಲ್ಲ. ಸಂಜೆಯೊಳಗೆ ಕಾಗೆಗೋ ಬೆಕ್ಕಿಗೋ ಆಹಾರವಾಗುತ್ತದೆ. ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಅಷ್ಟೂ ವರ್ಷದ ಹೊಣೆ ನಮ್ಮದು.

*ದಿನದ ಅಭ್ಯಾಸಕ್ಕೆ*

ಗಿಳಿ ಇರುವ ಮನೆಯವರು ಇಷ್ಟನ್ನು ಪಾಲಿಸಿ:

1. ಪಂಜರ ಮನೆಯವರು ಓಡಾಡುವ ಕೋಣೆಯಲ್ಲಿರಲಿ, ಒಂದು ಬದಿ ಗೋಡೆಗೆ ತಾಗಿರಲಿ. ಬೆನ್ನಿಗೆ ಆಸರೆ ಇದ್ದರೆ ಅದಕ್ಕೆ ಭಯ ಕಡಿಮೆ.

2. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಗೊತ್ತುಮಾಡಿ. ಕಡಿಮೆಯಾದರೂ ಪರವಾಗಿಲ್ಲ, ತಪ್ಪಿಸಬೇಡಿ.

3. ದಿನಾ ಸ್ವಲ್ಪ ಹೊತ್ತು ಹೊರಗೆ ಬಿಡಿ. ಅದಕ್ಕೂ ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಒಲೆ ಆರಿದೆಯೇ ನೋಡಿ.

4. ಅದಾಗಿಯೇ ತಲೆ ಬಗ್ಗಿಸಿ ಕೊಟ್ಟರೆ ಮಾತ್ರ ತಲೆ ಕೆರೆಯಿರಿ. ಬೇಡವೆಂದರೆ ಕೈ ಹಿಂದಕ್ಕೆ ತೆಗೆಯಿರಿ. ಒಪ್ಪಿಗೆಯಿಲ್ಲದ ಮುಟ್ಟುವಿಕೆ ಪ್ರೀತಿಯಲ್ಲ.

5. ನವಣೆ ಕಾಳನ್ನು ಕಾಗದದಲ್ಲಿ ಮಡಿಸಿ ಕೊಡಿ, ಬಿಚ್ಚಿ ತಿನ್ನಲಿ. ಹುಡುಕಿ ತಿನ್ನುವುದು ಅದರ ಹುಟ್ಟುಗುಣ. ಕೊತ್ತಂಬರಿ, ಮೆಂತ್ಯ ಸೊಪ್ಪು, ಕ್ಯಾರೆಟ್ ಒಳ್ಳೆಯದು. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆಯೂ ಹಕ್ಕಿಯನ್ನು ಕೊಲ್ಲುತ್ತದೆ.

6. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು.

7. ಊರಿಗೆ ಹೋಗುವಾಗ ಅದಕ್ಕೆ ಪರಿಚಯವಿರುವವರನ್ನೇ ನೇಮಿಸಿ. ಟಿವಿ ಹಾಕಿಟ್ಟು ಹೋದರೆ ಸದ್ದು ಇರುತ್ತದೆ, ಜೊತೆ ಇರುವುದಿಲ್ಲ.

ಕೊನೆಯ ಸಾಲು ಬರೆಯುವಾಗ ಇನ್ನೊಂದು ಮಾತು ಹೊಳೆಯಿತು. ಎಷ್ಟು ಮನೆಗಳಲ್ಲಿ ವಯಸ್ಸಾದ ಅವ್ವ ಅಪ್ಪಂದಿರ ಮುಂದೆಯೂ ನಾವು ಟಿವಿ ಹಾಕಿಟ್ಟು ಹೋಗುತ್ತೇವೆ! ಹೊತ್ತಿಗೆ ಊಟ ಇದೆ, ಮಾತ್ರೆ ಇದೆ, ಬಟ್ಟೆ ಇದೆ. ಅವರು ಅಡಿಗಡಿಗೆ "ಯಾವಾಗ ಬರ್ತೀಯಪ್ಪಾ?" ಎಂದು ಫೋನ್ ಮಾಡಿದರೆ ಕಿರಿಕಿರಿ ಅನ್ನುತ್ತೇವೆ. ಅವರು ಕೇಳುವುದೂ ಅದನ್ನೇ: "ನಾನಿಲ್ಲಿದ್ದೇನೆ, ನೀನೆಲ್ಲಿ?" ಬ್ರಹ್ಮಗಿರಿಯ ಬಂಡೆ ತಂದೆತಾಯಿಯನ್ನೂ ಪ್ರಾಣಿಗಳನ್ನೂ ಒಟ್ಟಿಗೆ ಹೇಳಿದ್ದು ಸುಮ್ಮನಲ್ಲ.

ಬಂಧುಗಳೇ, ನಾವು ಪಾಲಿಸುತ್ತೇವೆಂದು ಪ್ರತಿಜ್ಞೆ ಮಾಡಿದ ದಸ ಪಾರಮಿಗಳಲ್ಲಿ ಅಧಿಟ್ಠಾನದ ಬೆನ್ನಿಗೇ ಮೆತ್ತಾ ಬರುತ್ತದೆ. ಗಟ್ಟಿ ಸಂಕಲ್ಪ ಮೊದಲು, ಮೈತ್ರಿ ಅದರ ನಂತರ. ದಿನಾ ಅದೇ ಹೊತ್ತಿಗೆ ಬಂದು ಕೂರುವುದು ಅಧಿಟ್ಠಾನ. ಹಾಗೆ ಕೂತಾಗ ಎದೆಯಲ್ಲಿ ಮೂಡುವುದು ಮೆತ್ತಾ.

ಇವತ್ತಿನ ಸಂಕಲ್ಪ ಇಷ್ಟೇ. ನಿಮ್ಮ ಮನೆಯಲ್ಲಿ ಹಕ್ಕಿ ಇರಲಿ, ಇಲ್ಲದಿರಲಿ, ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ ಒಂದು ಜೀವವನ್ನು ಗುರುತಿಸಿ. ಮೊಬೈಲ್ ಪಕ್ಕಕ್ಕಿಟ್ಟು ಹದಿನೈದು ನಿಮಿಷ ಅದರ ಜೊತೆ ಕೂರಿ. ನಾಳೆಯೂ ಅದೇ ಹೊತ್ತಿಗೆ ಕೂರಿ. ಏಳು ದಿನದ ನಂತರ ಏನು ಕಂಡಿರಿ ಎಂದು ಬಳಗಕ್ಕೆ ಬರೆಯಿರಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ಸಾಧು, ಸಾಧು, ಸಾಧು 🙏

ನಮೋ ಬುದ್ಧಾಯ. ಜೈ ಭೀಮ್.